ಸೀಮೆಸುಣ್ಣದ ಗುಡ್ಡಗಳಲ್ಲಿ ಹುಳಿ ದ್ರಾಕ್ಷಿಯ ಬೆನ್ನು ಹತ್ತಿ

ಮೊದಲ ದಿನ: ಹ್ಯಾಂಬಲ್ಡನ್

ಸೌತಾಂಪ್ಟನ್ ಬಿಟ್ಟು ಅರ್ಧ ಗಂಟೆಯೊಳಗೆ ಹೆದ್ದಾರಿ ಮುಗಿದು ಹಳ್ಳಿದಾರಿ ಸಿಕ್ಕಿತು. ದಾರಿ ಎಂದರೆ ಒಂದೇ ಕಾರು ಹಿಡಿಯುವಷ್ಟು ಅಗಲ, ಎರಡೂ ಕಡೆ ಆಳೆತ್ತರದ ಬೇಲಿ. ಎದುರಿನಿಂದ ಟ್ರ್ಯಾಕ್ಟರ್ ಬಂದಾಗ ತಂಗಿ ಗೊಣಗುತ್ತಾ ಕಾರನ್ನು ಬಹುದೂರ ಹಿಂದಕ್ಕೆ ತೆಗೆದುಕೊಂಡು ಹೋಗಿ ಒಂದು ಗೇಟಿನ ಬಾಯಲ್ಲಿ ನಿಲ್ಲಿಸಿದಳು. ಟ್ರ್ಯಾಕ್ಟರಿನವನು ಹಾದು ಹೋಗುವಾಗ ಸ್ಟಿಯರಿಂಗ್‌ನಿಂದ ಒಂದು ಬೆರಳು ಮಾತ್ರ ಎತ್ತಿದ. ಇಲ್ಲಿ ಅದೇ ಧನ್ಯವಾದವಂತೆ. ಅವನ ಹಿಂದಿನ ಟ್ರೇಲರಿನಲ್ಲಿ ನೀಲಿ ಕ್ರೇಟುಗಳು, ಅವುಗಳ ತುಂಬ ಕಪ್ಪು ದ್ರಾಕ್ಷಿ. ಸರಿಯಾದ ಊರಿಗೇ ಹೊರಟಿದ್ದೇವೆ ಎಂದು ಖಾತ್ರಿಯಾಯಿತು.

ನಾನು ಮೈಸೂರಿನಲ್ಲಿ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ತಂಗಿ ಸೌತಾಂಪ್ಟನ್‌ನಲ್ಲಿ ನರ್ಸ್. ಷಾಂಪೇನ್ ಎಂಬ ನೊರೆ ವೈನ್ ಮಾಡುವ ಫ್ರಾನ್ಸಿನ ಮನೆತನವಾದ ಟೆಟಾಂಜೆ ಇಂಗ್ಲೆಂಡಿನ ಮಣ್ಣಿನಲ್ಲೇ ದ್ರಾಕ್ಷಿ ಬೆಳೆದು ಮಾಡಿದ ಮೊದಲ ವೈನ್ 2025ರ ವಸಂತದಲ್ಲಿ ಅಂಗಡಿಗೆ ಬಂದಿದೆ ಎಂಬ ಸುದ್ದಿಯನ್ನು ಅವಳು ಕಳುಹಿಸಿದ್ದಳು. ಅದನ್ನು ಓದಿದ ಮೇಲೆ ನನಗೆ ನಿದ್ದೆ ಕೆಟ್ಟಿತು. ಕುಡಿಯುವ ಚಪಲದಿಂದಲ್ಲ. ಜುಲೈನಲ್ಲೂ ಸ್ವೆಟರ್ ಹಾಕುವ ದೇಶದಲ್ಲಿ ದ್ರಾಕ್ಷಿ ಹಣ್ಣಾಗುವುದಾದರೂ ಹೇಗೆ, ಆದರೂ ಅದರಿಂದ ಮಾಡಿದ್ದನ್ನು ಫ್ರೆಂಚರು ಮೆಚ್ಚುವುದು ಯಾಕೆ ಎಂಬ ಪ್ರಶ್ನೆಯಿಂದ. ಸೆಪ್ಟೆಂಬರಿನ ಕೊಯ್ಲಿಗೆ ಹೊಂದುವಂತೆ ಟಿಕೆಟ್ ಮಾಡಿಸಿದೆ. ಪಶ್ಚಿಮದ ಹ್ಯಾಂಪ್‌ಶೈರ್‌ನಿಂದ ಹೊರಟು ಸಸೆಕ್ಸ್ ದಾಟಿ ಪೂರ್ವದ ಕೆಂಟ್ ಸೇರುವುದು, ಕಡೆಯಲ್ಲಿ ಆ ಹೊಸ ಬಾಟಲಿಯನ್ನು ಬಿಚ್ಚುವುದು ಎಂದು ಯೋಜನೆ. ಕಾರು ಓಡಿಸುವವರು ಗ್ಲಾಸು ಮುಟ್ಟುವಂತಿಲ್ಲ ಎಂಬ ನಿಯಮವನ್ನು ತಂಗಿ ಮೊದಲೇ ಹಾಕಿದ್ದಳು. ಕೆಲವು ತೋಟಗಳಲ್ಲಿ ಚಾಲಕರ ಪಾಲನ್ನು ಪುಟ್ಟ ಸೀಸೆಗೆ ಹಾಕಿ ಕೊಡುತ್ತಾರೆ. ಕೇಳಿ ಪಡೆಯಬೇಕು, ತಾವಾಗಿ ಹೇಳುವುದಿಲ್ಲ.

ಹ್ಯಾಂಬಲ್ಡನ್ ಕ್ರಿಕೆಟ್ ಪ್ರಿಯರಿಗೆ ತೀರ್ಥಕ್ಷೇತ್ರ. ಹದಿನೆಂಟನೇ ಶತಮಾನದಲ್ಲಿ ಇಲ್ಲಿನ ಕ್ಲಬ್ಬು ಇಡೀ ಇಂಗ್ಲೆಂಡ್ ತಂಡವನ್ನು ಮಣಿಸುತ್ತಿತ್ತು. ಅವರು ಆಡುತ್ತಿದ್ದ ಬ್ರಾಡ್‌ಹಾಫ್‌ಪೆನ್ನಿ ಡೌನ್ ಮೈದಾನ ಇನ್ನೂ ಹಾಗೇ ಇದೆ, ಎದುರಿಗೆ ‘ಬ್ಯಾಟ್ ಅಂಡ್ ಬಾಲ್’ ಎಂಬ ಪಬ್ಬು, ಪಕ್ಕದಲ್ಲಿ 1908ರಲ್ಲಿ ನಿಲ್ಲಿಸಿದ ಸ್ಮಾರಕದ ಕಲ್ಲು. ವಿಕೆಟ್ಟಿಗೆ ಎರಡೇ ಸ್ಟಂಪುಗಳಿದ್ದ ಕಾಲದಲ್ಲಿ, 1775ರ ಒಂದು ಪಂದ್ಯದಲ್ಲಿ, ಇಲ್ಲಿನ ಆಟಗಾರ ಜಾನ್ ಸ್ಮಾಲ್‌ನ ಎರಡು ಸ್ಟಂಪುಗಳ ನಡುವಿನಿಂದ ಚೆಂಡು ಮೂರು ಸಲ ತೂರಿ ಹೋಯಿತಂತೆ. ಔಟಿಲ್ಲ! ಬೌಲರ್ ತಲೆ ಚಚ್ಚಿಕೊಂಡಿರಬೇಕು. ನಡುವಿನ ಸ್ಟಂಪು ಹುಟ್ಟಿದ್ದು ಅದರ ನಂತರ. ಆ ಹುಲ್ಲಿನ ಮೇಲೆ ನಿಂತು ನಮ್ಮ ವಿಶ್ವನಾಥ್, ದ್ರಾವಿಡ್‌ರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಹೇಳಬೇಕೆನಿಸಿತು, ಹೇಳಿದೆ. ನಾಯಿ ಜೊತೆ ನಡೆದು ಹೋಗುತ್ತಿದ್ದ ಅಜ್ಜನೊಬ್ಬ ಟೊಪ್ಪಿ ಮುಟ್ಟಿ ಮುಂದೆ ಹೋದ.

ಊರಿನ ಇನ್ನೊಂದು ಹೆಗ್ಗಳಿಕೆ ದ್ರಾಕ್ಷಿ. ಇಂಗ್ಲೆಂಡಿನಲ್ಲಿ ದ್ರಾಕ್ಷಿ ಹೊಸತೇನಲ್ಲ, 1086ರ ಭೂಕಂದಾಯದ ದಾಖಲೆಯಲ್ಲೇ ನಲವತ್ತರಷ್ಟು ತೋಟಗಳ ಲೆಕ್ಕವಿದೆ. ಆಮೇಲೆ ಆ ಕಸುಬು ಸೊರಗಿ ಹೋಗಿತ್ತು. ಎರಡನೇ ಮಹಾಯುದ್ಧ ಮುಗಿಸಿ ಬಂದ ಮೇಜರ್ ಜನರಲ್ ಸರ್ ಗೈ ಸಾಲ್ಸ್‌ಬರಿ-ಜೋನ್ಸ್ 1950ರ ದಶಕದ ಆರಂಭದಲ್ಲಿ ತಮ್ಮ ಮನೆಯೆದುರಿನ ಇಳಿಜಾರಿನಲ್ಲಿ ಬಳ್ಳಿ ನೆಟ್ಟರು. ಈ ಕಾಲದ ಮೊದಲ ವಾಣಿಜ್ಯ ತೋಟ ಅದೇ. ಅಂದಿನವರು ಚಳಿ ತಡೆಯುವ ತಳಿಗಳನ್ನು ನೆಟ್ಟು, ಜರ್ಮನ್ ಮಾದರಿಯ ತೆಳ್ಳಗಿನ ಬಿಳಿ ವೈನ್ ಮಾಡುತ್ತಿದ್ದರು. ಅದನ್ನು ಕುಡಿದವರು ಎರಡನೇ ಗ್ಲಾಸು ಕೇಳುತ್ತಿರಲಿಲ್ಲ ಎಂದು ಪಬ್ಬಿನಲ್ಲಿ ಪಕ್ಕದ ಮೇಜಿನ ಹಿರಿಯರೊಬ್ಬರು ನಕ್ಕರು. ‘ನಮ್ಮ ಅಪ್ಪ ಅದನ್ನು ಸಲಾಡಿಗೆ ಹಾಕಲು ಯೋಗ್ಯ ಎನ್ನುತ್ತಿದ್ದರು. ಅಷ್ಟು ಹುಳಿ.’

ಹುಳಿ ಎಂಬ ದೂರನ್ನು ನಾನು ಕೇಳಿದ್ದು ಅಲ್ಲಿಯೇ ಮೊದಲು.

ಎರಡನೇ ದಿನ: ಡಿಚ್ಲಿಂಗ್

ಬೆಳಿಗ್ಗೆಯೇ ಗಾಳಿ ಎದ್ದಿತ್ತು. ಪಲ್ಬರೋ ದಾಟುವಾಗ ವೆಸ್ಟ್ ಚಿಲ್ಟಿಂಗ್ಟನ್ ಕಡೆಗೆ ಕೈತೋರುವ ಫಲಕ ಕಂಡಿತು. ಇಂಗ್ಲಿಷ್ ವೈನಿನ ಹಣೆಬರಹ ಬದಲಾದದ್ದು ಆ ಊರಿನ ನೈಟಿಂಬರ್ ತೋಟದಲ್ಲಿ. ಷಿಕಾಗೋದಿಂದ ಬಂದ ಸ್ಟುವರ್ಟ್ ಮತ್ತು ಸ್ಯಾಂಡಿ ಮಾಸ್ ದಂಪತಿ 1988ರಲ್ಲಿ ಅಲ್ಲಿ ಷಾಂಪೇನ್‌ನ ಮೂರು ತಳಿಗಳಾದ ಷಾರ್ಡನೆ, ಪಿನೋ ನುವಾರ್, ಪಿನೋ ಮ್ಯೂನಿಯೆಗಳನ್ನೇ ನೆಡಲು ಹೊರಟಾಗ, ಸೇಬು ಬೆಳೆಯಿರಿ ಎಂದು ತಜ್ಞರು ಬುದ್ಧಿ ಹೇಳಿದ್ದರಂತೆ. ಅವರ 1992ರ ಸುಗ್ಗಿಯ ವೈನ್ ಹೊರಬಂದಾಗ ಎಲ್ಲರ ಬಾಯಿ ಕಟ್ಟಿತು. ಅದೇ ಸಂಸ್ಥೆ 2012ರಲ್ಲಿ, ಮಳೆಗೆ ಸಿಕ್ಕಿದ ದ್ರಾಕ್ಷಿಯ ಗುಣ ಸಾಲದೆಂದು, ಆ ವರ್ಷ ವೈನನ್ನೇ ಮಾಡುವುದಿಲ್ಲ ಎಂದು ಘೋಷಿಸಿತು. ಇಡೀ ವರ್ಷದ ಬೆಳೆ ಬಿಡುವ ಧೈರ್ಯಕ್ಕೆ ಹಿಂದೆ ದುಡ್ಡೂ ಬೇಕು ಎಂದು ತಂಗಿ ಹೇಳಿದ್ದು ಸರಿಯೇ.

ಬ್ರೈಟನ್‌ಗೆ ಮುಂಚೆ ಪ್ಯಾಚಮ್ ಹತ್ತಿರ ಕಾರು ನಿಲ್ಲಿಸಿ ಗುಡ್ಡ ಹತ್ತಿದೆವು. ಅಲ್ಲಿನ ‘ಛತ್ರಿ’ ಎಂಬ ಸ್ಮಾರಕದ ತನಕ ವಾಹನ ಹೋಗುವುದಿಲ್ಲ, ಕುರಿಗಳು ಮೇಯುವ ಹುಲ್ಲಿನ ಮೇಲೆ ನಡೆದೇ ಹೋಗಬೇಕು, ಹಿಂದಿನ ದಿನ ಮಳೆ ಬಿದ್ದಿದ್ದರೆ ಬೂಟು ಇಲ್ಲದೆ ಹೊರಡಬೇಡಿ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಬ್ರೈಟನ್ನಿನ ರಾಯಲ್ ಪೆವಿಲಿಯನ್ ಅರಮನೆಯನ್ನೇ ಆಸ್ಪತ್ರೆ ಮಾಡಿದ್ದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರ ಚಿತೆ ಉರಿದದ್ದು ಈ ಗುಡ್ಡದ ಮೇಲೆ. ಅದೇ ಜಾಗದಲ್ಲಿ ಅಮೃತಶಿಲೆಯ ಮಂಟಪ, 1921ರಲ್ಲಿ ಅನಾವರಣಗೊಂಡದ್ದು. ನಮ್ಮಿಬ್ಬರನ್ನು ಬಿಟ್ಟರೆ ಸೈಕಲ್ ತಳ್ಳಿಕೊಂಡು ಬಂದ ಹುಡುಗಿಯೊಬ್ಬಳು ಮಾತ್ರ. ತಂಗಿ ಎಂದೂ ಇಲ್ಲದಂತೆ ಸುಮ್ಮನಿದ್ದಳು, ಆಮೇಲೆ ‘ಅಕ್ಕಾ, ಇವರಿಗೆ ಶುಶ್ರೂಷೆ ಮಾಡಿದವರು ಯಾರಿರಬಹುದು?’ ಎಂದಳು. ಅವಳದು ಅವಳ ವೃತ್ತಿಯ ಪ್ರಶ್ನೆ. ಗಾಳಿಗೆ ಅವಳ ಕೊಡೆ ಅಲ್ಲಿಯೇ ತಿರುವುಮುರುವಾಗಿ ಕಡ್ಡಿ ಮುರಿಯಿತು.

ಡಿಚ್ಲಿಂಗ್ ಕಾಮನ್‌ನಲ್ಲಿರುವ ರಿಡ್ಜ್‌ವ್ಯೂ 1995ರಲ್ಲಿ ರಾಬರ್ಟ್ಸ್ ಕುಟುಂಬ ಕಟ್ಟಿದ ತೋಟ. ಅವರ 2006ರ ಬ್ಲಾಂಕ್ ದ ಬ್ಲಾಂಕ್, ಎಂದರೆ ಬಿಳಿ ದ್ರಾಕ್ಷಿಯೊಂದರಿಂದಲೇ ಮಾಡಿದ ವೈನ್, 2010ರಲ್ಲಿ ಡಿಕ್ಯಾಂಟರ್ ಪತ್ರಿಕೆಯ ವಿಶ್ವ ಸ್ಪರ್ಧೆಯಲ್ಲಿ ಷಾಂಪೇನ್‌ಗಳನ್ನೂ ಹಿಂದಿಕ್ಕಿ ನೊರೆ ವೈನುಗಳ ಅಗ್ರ ಬಹುಮಾನ ಗೆದ್ದಿತು. ಗಾಜಿನಾಚೆ ಸೌತ್ ಡೌನ್ಸ್ ಬೆಟ್ಟಸಾಲು ಉದ್ದಕ್ಕೆ ಮಲಗಿತ್ತು, ಅದರ ತನಕ ದ್ರಾಕ್ಷಿಯ ಸಾಲುಗಳು. ದೊಡ್ಡಬಳ್ಳಾಪುರದ ಕಡೆ ನಾವು ನೋಡಿದ ದ್ರಾಕ್ಷಿ ತಲೆಯ ಮೇಲಿನ ಚಪ್ಪರದಲ್ಲಿ ನೆರಳು ಮಾಡಿಕೊಂಡು ತೂಗುತ್ತದೆ. ಇಲ್ಲಿ ತದ್ವಿರುದ್ಧ. ಸೊಂಟದೆತ್ತರದ ತಂತಿಗೆ ಬಳ್ಳಿಯನ್ನು ಕಟ್ಟಿ, ಗೊಂಚಲಿನ ಸುತ್ತಲಿನ ಎಲೆಗಳನ್ನು ಕಿತ್ತು, ಸಿಕ್ಕಿದಷ್ಟು ಬಿಸಿಲನ್ನೂ ಹಣ್ಣಿಗೆ ಉಣಿಸುತ್ತಾರೆ.

ಪ್ರವಾಸಿಗರಿಗೆ ವಿವರಿಸುವವರು ಯಾವ ತೋಟದಲ್ಲಾದರೂ ತಪ್ಪದೆ ಹೇಳುವ ಹೆಸರು ಕ್ರಿಸ್ಟೋಫರ್ ಮೆರೆಟ್. ಈ ವೈದ್ಯ 1662ರ ಡಿಸೆಂಬರ್ 17ರಂದು ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದ. ಲಂಡನ್ನಿನ ವೈನ್ ವ್ಯಾಪಾರದವರು ವೈನಿಗೆ ಸಕ್ಕರೆ, ಕಾಕಂಬಿ ಬೆರೆಸಿ ಅದು ಚುರುಗುಟ್ಟುವಂತೆ, ಗುಳ್ಳೆಯೇಳುವಂತೆ ಮಾಡುತ್ತಾರೆ ಎಂದು ಅದರಲ್ಲಿ ಬರೆದ. ಷಾಂಪೇನ್‌ನ ಜನಕನೆಂದು ಹೆಸರಾದ ದೊಂ ಪೆರಿನ್ಯೋ ಎಂಬ ಸನ್ಯಾಸಿ ತನ್ನ ಮಠಕ್ಕೆ ಬಂದದ್ದೇ 1668ರಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಗಾಜಿನ ಕುಲುಮೆಗೆ ಸೌದೆ ಉರಿಸಲು ನಿಷೇಧವಿತ್ತು, ಮರವೆಲ್ಲ ಹಡಗಿಗೆ ಬೇಕಿತ್ತು. ಕಲ್ಲಿದ್ದಲಿನ ಬಿಸಿಯಲ್ಲಿ ಕಾದ ಗಾಜು ಗಟ್ಟಿಯಾಯಿತು, ಒಳಗಿನ ಒತ್ತಡಕ್ಕೆ ಬಾಟಲಿ ಸಿಡಿಯುವುದು ಕಡಿಮೆಯಾಯಿತು. ಕತೆ ಚೆನ್ನಾಗಿದೆ, ದಾಖಲೆಯೂ ಇದೆ. ಆದರೆ ‘ಷಾಂಪೇನ್ ಕಂಡುಹಿಡಿದವರು ನಾವೇ’ ಎಂದು ಎದೆಯುಬ್ಬಿಸುವುದು ಹೆಚ್ಚಾಯಿತು. ಗಸಿ ತೆಗೆಯುವ ಉಪಾಯ, ಸಕ್ಕರೆಯ ಅಳತೆಯ ಲೆಕ್ಕ, ಇವೆರಡೂ ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚರು ಕೂಡಿಸಿದ್ದು. ಅವಿಲ್ಲದೆ ಮೆರೆಟ್‌ನ ವೈನ್ ಕಲಕಿದ ನೀರಿನಂತಿರುತ್ತಿತ್ತು. ಇದನ್ನು ಮೆತ್ತಗೆ ಹೇಳಿದೆ. ಪಕ್ಕದಲ್ಲಿದ್ದ ಯಾರೋ ಕೆಮ್ಮಿದರು.

ಆ ರಾತ್ರಿ ಊಟ ಸಿಗದೆ ಪರದಾಡಿದೆವು. ಹಳ್ಳಿಯೊಂದರ ಪಬ್ಬಿಗೆ ಒಂಬತ್ತು ಗಂಟೆಗೆ ಹೋದರೆ ಅಡುಗೆಮನೆ ಮುಚ್ಚಿತ್ತು. ಬಾಗಿಲು ತೆರೆದಿದೆ, ದೀಪ ಉರಿಯುತ್ತಿದೆ, ಬಿಯರ್ ಸುರಿಯುತ್ತಿದೆ ಎಂದ ಮಾತ್ರಕ್ಕೆ ಊಟವಿದೆ ಎಂದಲ್ಲ. ಎಂಟಕ್ಕೆ ಮುಂಚೆ ಹೋಗಿ. ತಂಗಿಯ ಚೀಲದಲ್ಲಿದ್ದ ಕೋಡುಬಳೆ, ಚಟ್ನಿಪುಡಿ ಸವರಿದ ಬ್ರೆಡ್ಡು ಆ ಹೊತ್ತಿಗೆ ಮೃಷ್ಟಾನ್ನವಾಯಿತು.

ಮೂರನೇ ದಿನ: ಆಲ್‌ಫ್ರಿಸ್ಟನ್ ಮತ್ತು ಹೆಸರು ಬೇಡವೆಂದವರ ತೋಟ

ಸಮುದ್ರದ ಅಂಚಿನಲ್ಲಿ ಬೆಟ್ಟ ಕಡಿದು ನಿಂತ ಸೆವೆನ್ ಸಿಸ್ಟರ್ಸ್ ನೋಡದೆ ಈ ಮಣ್ಣಿನ ಮಾತು ಅರ್ಥವಾಗುವುದಿಲ್ಲ. ಎಂಟೊಂಬತ್ತು ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕುಳಿತ ಕಣ್ಣಿಗೆ ಕಾಣದ ಜೀವಿಗಳ ಚಿಪ್ಪುಗಳೇ ಈ ಗೋಡೆ. ನಡುನಡುವೆ ಚಕಮಕಿ ಕಲ್ಲಿನ ಕಪ್ಪು ಗೆರೆಗಳು. ಇದೇ ಸೀಮೆಸುಣ್ಣದ ಪದರು ಕಡಲಡಿಯಲ್ಲಿ ನುಸುಳಿ ಫ್ರಾನ್ಸಿನ ಷಾಂಪೇನ್ ಸೀಮೆಯಲ್ಲಿ ಮತ್ತೆ ತಲೆಯೆತ್ತುತ್ತದೆ. ಅಂಚಿನ ಬಳಿ ಹೋಗಬೇಡಿ. ಕಾಲ ಕೆಳಗೆ ಗಟ್ಟಿಯಾಗಿ ಕಾಣುವ ಹುಲ್ಲಿನಡಿ ಏನೂ ಇಲ್ಲದಿರಬಹುದು, ದಂಡೆ ಆಗಾಗ ಕುಸಿಯುತ್ತಲೇ ಇರುತ್ತದೆ. ಬಿದ್ದಿದ್ದ ಒಂದು ತುಂಡನ್ನು ಎತ್ತಿ ನಾಲಗೆಗೆ ಮುಟ್ಟಿಸಿದೆ. ತಕ್ಷಣ ಅಂಟಿಕೊಂಡಿತು. ಅಷ್ಟು ಸಣ್ಣ ರಂಧ್ರಗಳು. ಮಳೆ ಹೆಚ್ಚಾದರೆ ನೀರನ್ನು ಕೆಳಗೆ ಬಿಟ್ಟುಕೊಡುತ್ತದೆ, ಬಿಸಿಲಲ್ಲಿ ಹಿಡಿದಿಟ್ಟದ್ದನ್ನು ಬೇರಿಗೆ ಊಡುತ್ತದೆ. ಮಳೆಯ ದೇಶದಲ್ಲಿ ಬಳ್ಳಿಯ ಕಾಲು ಒದ್ದೆಯಾಗದಿರುವುದೇ ದೊಡ್ಡ ವರ.

ಆಲ್‌ಫ್ರಿಸ್ಟನ್ ಮರದ ತೊಲೆಗಳ, ಬಾಗಿದ ಚಾವಣಿಗಳ ಊರು. ಹಳೆಯ ಕಟ್ಟಡಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1896ರಲ್ಲಿ ಹತ್ತು ಪೌಂಡ್ ಕೊಟ್ಟು ತನ್ನ ಮೊದಲ ಕಟ್ಟಡ ಕೊಂಡದ್ದು ಇಲ್ಲಿ. ಊರಿನ ಹಿಂದಿನ ಕಣಿವೆಯಲ್ಲಿ ರಾತ್‌ಫಿನಿ ತೋಟ. ಮಾರ್ಕ್ ಮತ್ತು ಸಾರಾ ಡ್ರೈವರ್ 2012ರಿಂದ ಬಳ್ಳಿ ನೆಡುತ್ತ ಬಂದ ಜಾಗ. ಸಮುದ್ರ ಹತ್ತಿರ, ಗಾಳಿ ಉಪ್ಪು ಹೊತ್ತು ತರುತ್ತದೆ. ನಾವು ಹೋದಾಗ ಗಾಳಿ ತಡೆಗೆ ನೆಟ್ಟ ಗಿಡಗಳೆಲ್ಲ ಒಂದೇ ಕಡೆಗೆ ಬಾಗಿದ್ದವು. ತೋಟದ ನಡುವೆ ನಡೆಯಲು ದಾರಿಯಿದೆ. ಅಲ್ಲಿನ ಬಾಟಲಿಯ ಮೇಲೆ ದೊಡ್ಡದಾಗಿ ಸಸೆಕ್ಸ್ ಎಂದಿರುತ್ತದೆ, ಏಕೆಂದರೆ 2022ರಲ್ಲಿ ಆ ಹೆಸರಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ನಂಜನಗೂಡು ರಸಬಾಳೆಗೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಸಿಕ್ಕ ಭೌಗೋಳಿಕ ಸೂಚಿಕೆಯ ಬಳಗದ್ದೇ ಇದು. ರಸಬಾಳೆ ಬೇರೆ ಮಣ್ಣಿನಲ್ಲಿ ಆ ರುಚಿ ಕೊಡುವುದಿಲ್ಲ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಸಸೆಕ್ಸ್‌ನಲ್ಲಿ ಸುಣ್ಣವೂ ಇದೆ, ಜೇಡಿಯೂ ಇದೆ, ಮರಳೂ ಇದೆ. ಪಕ್ಕದ ಕೆಂಟ್‌ನಲ್ಲೂ ಇವೆಲ್ಲ ಇವೆ. ಜಿಲ್ಲೆಯ ಗಡಿಯನ್ನು ಬೇರುಗಳು ಓದುವುದಿಲ್ಲ.

ಮಧ್ಯಾಹ್ನ ಹೋದದ್ದು ತಂಗಿಯ ಸಹೋದ್ಯೋಗಿಯೊಬ್ಬರ ಪರಿಚಯದ ತೋಟಕ್ಕೆ. ಐದು ಎಕರೆ. ಗಂಡ ಹೆಂಡತಿ ಇಬ್ಬರೂ ಅರವತ್ತು ದಾಟಿದವರು. ‘ಬರೆಯುವುದಾದರೆ ನಮ್ಮ ಹೆಸರು ಹಾಕಬೇಡಿ, ಇರುವ ಬಾಟಲಿಗಳೆಲ್ಲ ಊರಿನವರಿಗೇ ಸಾಲುವುದಿಲ್ಲ’ ಎಂದರು ಯಜಮಾನರು. ಈ ಪ್ರವಾಸದ ತಿರುಳು ನನಗೆ ಸಿಕ್ಕಿದ್ದು ದೊಡ್ಡ ತೋಟಗಳ ಗಾಜಿನ ಕೋಣೆಗಳಲ್ಲಲ್ಲ, ಇವರ ತಗಡಿನ ಚಾವಣಿಯ ಕೊಟ್ಟಿಗೆಯಲ್ಲಿ.

ಮೊದಲು ಯಜಮಾನತಿ ಉಕ್ಕಿನ ಟ್ಯಾಂಕಿನ ನಲ್ಲಿ ತಿರುಗಿಸಿ, ಹಿಂದಿನ ಸುಗ್ಗಿಯಿಂದ ಬೆರಕೆಗೆಂದು ಉಳಿಸಿಕೊಂಡ ಗುಳ್ಳೆಯಿಲ್ಲದ ವೈನನ್ನು ನನ್ನ ಗ್ಲಾಸಿಗೆ ಬಿಟ್ಟರು. ಬಾಯಿಗೆ ಹಾಕಿದೆ. ದವಡೆಯ ಬುಡ ಜುಮ್ಮೆಂದಿತು, ಕಣ್ಣು ತಾನಾಗಿ ಮುಚ್ಚಿತು. ಅವರು ನನ್ನ ಮುಖ ನೋಡುತ್ತಾ ಕಾದಿದ್ದರು. ‘ನಾವು ಮಾರುವುದು ಇದನ್ನೇ’ ಎಂದರು. ‘ಬಾಕಿ ಎಲ್ಲ ಇದರ ಮೇಲಿನ ಕಟ್ಟಡ.’

ಅವರು ವಿವರಿಸಿದ್ದು ಹೀಗೆ. ಇಲ್ಲಿ ಬೇಸಿಗೆ ತಂಪು, ಕಾಯಿ ಹಣ್ಣಾಗುವುದು ನಿಧಾನ. ಹಸಿರು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ ಬಿಸಿ ದೇಶದ ದ್ರಾಕ್ಷಿಯಲ್ಲಿ ಬಲುಬೇಗ ಕರಗಿ ಹೋಗುತ್ತದೆ, ಇಲ್ಲಿ ಉಳಿದುಕೊಳ್ಳುತ್ತದೆ. ಸಕ್ಕರೆ ಕಡಿಮೆ. ಸಾದಾ ವೈನಿಗೆ ಇದು ಕುಂದು. ಅರ್ಧ ಶತಮಾನ ಇಲ್ಲಿನವರು ಈ ಕುಂದಿನ ಜೊತೆ ಗುದ್ದಾಡಿದರು. ನೊರೆ ವೈನಿಗೆ ಬೇಕಾದದ್ದು ಮಾತ್ರ ಸರಿಯಾಗಿ ಇದೇ. ಅದರಲ್ಲಿ ವೈನ್ ಎರಡನೇ ಸಲ ಹುದುಗಬೇಕು, ಆಗ ಮದ್ಯಸಾರ ಇನ್ನಷ್ಟು ಏರುತ್ತದೆ; ಆದ್ದರಿಂದ ಮೊದಲ ವೈನ್ ತೆಳ್ಳಗಿರಬೇಕು. ಬಾಟಲಿಯಲ್ಲಿ ವರ್ಷಗಟ್ಟಲೆ ಮಲಗಿದರೂ ಸಪ್ಪೆಯಾಗಬಾರದು. ಆದ್ದರಿಂದ ಹುಳಿ ಬೇಕು. ಎಟುಕದ ದ್ರಾಕ್ಷಿ ಹುಳಿ ಎಂದ ನರಿ ಈ ಊರಿನದಾಗಿದ್ದರೆ ಇನ್ನೂ ನಾಲ್ಕು ಸಲ ಹಾರಿ ನೋಡುತ್ತಿತ್ತು.

ಕೊಟ್ಟಿಗೆಯ ಒಳಗೋಡೆಗೆ ಬಾಟಲಿಗಳನ್ನು ಅಡ್ಡಡ್ಡ ಪೇರಿಸಿದ್ದರು. ಒಂದೊಂದರಲ್ಲೂ ವೈನಿನ ಜೊತೆ ಈಸ್ಟ್, ಲೀಟರಿಗೆ 24 ಗ್ರಾಂ ಸಕ್ಕರೆ, ಬಾಯಿಗೆ ಸೋಡಾ ಬಾಟಲಿಯಂಥ ತಗಡಿನ ಮುಚ್ಚಳ. ಒಳಗೆ ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್‌ಗೆ ಹೋಗಲು ದಾರಿಯಿಲ್ಲ, ವೈನಿನಲ್ಲೇ ಕರಗುತ್ತದೆ. ಒತ್ತಡ ಆರು ಅಟ್ಮಾಸ್ಫಿಯರ್ ಮುಟ್ಟುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ದ್ರವದಲ್ಲಿ ಹೆಚ್ಚು ಕರಗುತ್ತದೆ ಎನ್ನುವ ಹೆನ್ರಿಯ ನಿಯಮಕ್ಕೆ ಇಷ್ಟು ಒಳ್ಳೆಯ ಉದಾಹರಣೆ ತರಗತಿಯಲ್ಲಿ ನನಗೆ ಯಾಕೆ ಹೊಳೆಯಲಿಲ್ಲವೋ! ಹೊಳೆದಿದ್ದರೂ ಪೋಷಕರ ಸಭೆಯಲ್ಲಿ ಉತ್ತರ ಹೇಳಬೇಕಾಗುತ್ತಿತ್ತು ಎಂದಳು ತಂಗಿ. ಸಕ್ಕರೆ ತಿಂದು ಮುಗಿಸಿದ ಈಸ್ಟ್ ಸತ್ತು ತಳಕ್ಕೆ ಕೂರುತ್ತದೆ. ಅದರ ಮೇಲೆ ವೈನನ್ನು ಹಾಗೇ ಬಿಡುತ್ತಾರೆ. ಕಾನೂನಿನ ಪ್ರಕಾರ ಒಂಬತ್ತು ತಿಂಗಳು ಸಾಕು, ಇವರು ಮೂರು ವರ್ಷ ಬಿಡುತ್ತಾರೆ. ಸತ್ತ ಕೋಶಗಳು ಮೆಲ್ಲನೆ ಒಡೆದು, ಬೇಕರಿಯ ಬಾಗಿಲಲ್ಲಿ ಬರುವ ಪರಿಮಳ ವೈನಿಗೆ ಇಳಿಯುತ್ತದೆ.

ಆಮೇಲೆ ಆ ಗಸಿಯನ್ನು ಹೊರಗೆ ಹಾಕಬೇಕು, ಗುಳ್ಳೆ ಹೋಗಬಾರದು. ದೊಡ್ಡವರಲ್ಲಿ ಐನೂರು ಬಾಟಲಿಗಳ ಪಂಜರವನ್ನೇ ತಿರುಗಿಸುವ ಯಂತ್ರವಿದೆ, ವಾರದಲ್ಲಿ ಕೆಲಸ ಮುಗಿಯುತ್ತದೆ. ಇವರದು ತೂತು ಕೊರೆದ ಎರಡು ಹಲಗೆಗಳು. ಬಾಟಲಿಯ ಕತ್ತನ್ನು ತೂತಿಗೆ ಸಿಕ್ಕಿಸಿ, ದಿನಾ ಅಷ್ಟಷ್ಟೇ ತಿರುಗಿಸುತ್ತಾ ಓರೆ ಮಾಡುತ್ತಾ, ಒಂದೂವರೆ ಎರಡು ತಿಂಗಳಲ್ಲಿ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಗಸಿಯೆಲ್ಲ ಮುಚ್ಚಳದ ಹತ್ತಿರ ಬಂದು ಕೂರುತ್ತದೆ. ಬಾಟಲಿಯೊಂದನ್ನು ಯಜಮಾನರು ನಮಗಾಗಿಯೇ ಬಿಚ್ಚಿ ತೋರಿಸಿದರು. ಕತ್ತನ್ನು ಮಾತ್ರ ಸೊನ್ನೆಗಿಂತ ಇಪ್ಪತ್ತೈದು ಡಿಗ್ರಿ ಕೆಳಗಿನ ಉಪ್ಪುನೀರಿನಂಥ ದ್ರಾವಣದಲ್ಲಿ ಕೆಲವು ನಿಮಿಷ ಅದ್ದಿಟ್ಟರು. ಹೊರತೆಗೆದು ಬಟ್ಟೆಯಲ್ಲಿ ಒರೆಸಿದರು. ಎಡ ಮೊಣಕೈಗೆ ಆನಿಸಿ, ಬಾಯನ್ನು ಅರ್ಧ ಕೊಯ್ದ ಪೀಪಾಯಿಯತ್ತ ಮಾಡಿ, ಬಲಗೈಯ ಚಿಮಟದಿಂದ ಮುಚ್ಚಳ ಮೀಟಿ, ಅದೇ ಕ್ಷಣದಲ್ಲಿ ಬಾಟಲಿಯನ್ನು ಮೇಲಕ್ಕೆತ್ತಿದರು. ಠಪ್! ಕಿರುಬೆರಳಿನ ತುದಿಯಷ್ಟು ಕೆನೆಬಣ್ಣದ ಮಂಜಿನ ಬಿರಡೆ ಪೀಪಾಯಿಯ ಒಳಗೋಡೆಗೆ ಬಡಿದು ಜಾರಿತು. ಬಾಯಿಗೆ ಹೆಬ್ಬೆರಳು ಒತ್ತಿ, ಮೂಗಿನ ಹತ್ತಿರ ತಂದು ಮೂಸಿ, ತಲೆಯಾಡಿಸಿದರು. ಹೋದಷ್ಟು ವೈನನ್ನು ಸಕ್ಕರೆ ಬೆರೆಸಿದ ವೈನಿನಿಂದ ತುಂಬಿ ಕಾರ್ಕ್ ಹೊಡೆದು ತಂತಿ ಬಿಗಿದರು. ಆ ಕೊನೆಯ ಸಕ್ಕರೆ ಲೀಟರಿಗೆ 12 ಗ್ರಾಂ ಮೀರದಿದ್ದರೆ ಬಾಟಲಿಯ ಮೇಲೆ ಬ್ರೂಟ್, ಎಂದರೆ ಸಿಹಿ ಕಡಿಮೆಯಿರುವ ವೈನ್, ಎಂದು ಬರೆಯಬಹುದು.

‘ಬಳ್ಳಿ ನೆಟ್ಟ ವರ್ಷಕ್ಕೂ ಮೊದಲ ಬಾಟಲಿ ಮಾರಿದ ವರ್ಷಕ್ಕೂ ಎಷ್ಟು ಅಂತರ?’ ಎಂದು ಕೇಳಿದೆ. ಯಜಮಾನತಿ ಗಂಡನ ಮುಖ ನೋಡಿದರು. ‘ಏಳು. ನಡುವೆ ಮನೆಯ ಮೇಲಿನ ಸಾಲವನ್ನು ಎರಡನೇ ಸಲ ಮಾಡಿದೆವು.’ ಏಪ್ರಿಲಿನ ರಾತ್ರಿಗಳೇ ಹೆಚ್ಚು ಹೆದರಿಸುವುದಂತೆ. ಚಿಗುರು ಒಡೆದ ಮೇಲೆ ಉಷ್ಣಾಂಶ ಸೊನ್ನೆಗಿಳಿದರೆ ಒಂದೇ ಬೆಳಗಿನಲ್ಲಿ ವರ್ಷದ ಬೆಳೆ ಕಮರಿಹೋಗುತ್ತದೆ. 2017ರಲ್ಲಿ ದಕ್ಷಿಣ ಇಂಗ್ಲೆಂಡಿನ ಹಲವು ತೋಟಗಳಿಗೆ ಹಾಗೇ ಆಯಿತು. ಬಕೆಟ್ಟಿನಷ್ಟು ದೊಡ್ಡ ಮೇಣದ ದೀಪಗಳನ್ನು ಸಾಲುಗಳ ನಡುವೆ ಹಚ್ಚಿ ಇವರಿಬ್ಬರೂ ಬೆಳಗಿನ ತನಕ ಓಡಾಡುತ್ತಾರೆ. 2025ರ ಬೇಸಿಗೆ ಮಾತ್ರ ದಾಖಲೆಯ ಸೆಕೆ, ಬ್ರಿಟನ್ನಿನಲ್ಲಿ ಅಳತೆ ಶುರುವಾದಂದಿನಿಂದ ಇಷ್ಟು ಬಿಸಿ ಬೇಸಿಗೆ ಬಂದಿರಲಿಲ್ಲ. ಕೊಯ್ಲು ಬೇಗ ಬಂತು, ಹಣ್ಣು ಚೆನ್ನಾಗಿದೆ. ‘ಇದೇ ಥರ ಏರುತ್ತಾ ಹೋದರೆ ನಮ್ಮ ಹುಳಿ ಎಲ್ಲಿ ಉಳಿಯುತ್ತದೆ?’ ಎಂದರು ಯಜಮಾನರು. ಆ ಮಾತಿಗೆ ಅವರ ಹೆಂಡತಿ ಬೇರೆ ಕಡೆ ತಿರುಗಿದರು. ಆಗಾಗ ಆಗುವ ಜಗಳವಿರಬೇಕು.

ನಾಲ್ಕನೇ ದಿನ: ಚಿಲ್‌ಹ್ಯಾಮ್, ಕ್ಯಾಂಟರ್‌ಬರಿ

ಪೂರ್ವಕ್ಕೆ ಹೊರಟಾಗ ಮಳೆ. ರಾಮ್ನಿ ಮಾರ್ಷ್ ಎಂಬ ಚಪ್ಪಟೆ ಜೌಗುನೆಲದಲ್ಲಿ ರಸ್ತೆ ಕಾರಣವಿಲ್ಲದೆ ಲಂಬಕೋನದಲ್ಲಿ ತಿರುಗುತ್ತದೆ, ಹಳೆಯ ಕಾಲುವೆಗಳನ್ನು ಅನುಸರಿಸಿ. ನಿಧಾನವಾಗಿ ಓಡಿಸಿ. ಅದರ ಅಂಚಿನ ಆಪಲ್‌ಡೋರ್‌ನಲ್ಲಿ ಗಸ್‌ಬೋರ್ನ್ ತೋಟವಿದೆ, ದಕ್ಷಿಣ ಆಫ್ರಿಕಾದ ಮೂಳೆ ವೈದ್ಯ ಆಂಡ್ರ್ಯೂ ವೀಬರ್ 2004ರಲ್ಲಿ ನೆಡಲು ಶುರುಮಾಡಿದ್ದು. ಅಲ್ಲಿನ ನೆಲ ಜೇಡಿ ಮತ್ತು ಮರಳು. ಸೀಮೆಸುಣ್ಣವಿಲ್ಲದೆಯೂ ಅವರ ವೈನ್ ಬಹುಮಾನ ಗೆಲ್ಲುತ್ತದೆ. ಮೂರು ದಿನ ಸುಣ್ಣದ ಮಹಿಮೆ ಕೇಳಿ ಕೇಳಿ ದಣಿದಿದ್ದ ನನಗೆ ಇದರಿಂದ ಸಣ್ಣ ಸಂತೋಷವಾಯಿತು. ಸುಣ್ಣ ಒಳ್ಳೆಯದೇ, ಆದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂಬ ಕಾರಣಕ್ಕೆ ಅದಕ್ಕೆ ಸಿಗುವ ಪಾಲು ಜಾಸ್ತಿ.

ಚಿಲ್‌ಹ್ಯಾಮ್ ಹತ್ತಿರ ಮಳೆ ನಿಂತಿತು. ಟೆಟಾಂಜೆ ಮನೆತನ ತಮ್ಮ ಬ್ರಿಟಿಷ್ ಪಾಲುದಾರರ ಜೊತೆ 2015ರಲ್ಲಿ ಇಲ್ಲಿ ಸೇಬಿನ ತೋಟಗಳಿದ್ದ ನೆಲ ಕೊಂಡು, 2017ರಲ್ಲಿ ಬಳ್ಳಿ ನೆಟ್ಟಿತು. ಸೇಬು ಕಿತ್ತು ದ್ರಾಕ್ಷಿ! ನೈಟಿಂಬರಿನವರಿಗೆ ಬುದ್ಧಿ ಹೇಳಿದ ತಜ್ಞರು ನೆನಪಾದರು. ತೋಟಕ್ಕೆ ದೊಮೇನ್ ಎವ್ರೆಮಾಂಡ್ ಎಂದು ಹೆಸರು. ಹದಿನೇಳನೇ ಶತಮಾನದಲ್ಲಿ ಫ್ರಾನ್ಸಿನಿಂದ ಓಡಿಬಂದು ಎರಡನೇ ಚಾರ್ಲ್ಸ್ ದೊರೆಯ ಆಸ್ಥಾನ ಸೇರಿದ ಸಾಹಿತಿ ಸಾಂತ್ ಎವ್ರೆಮಾಂಡ್ ಲಂಡನ್ನಿಗೆ ಷಾಂಪೇನ್ ರುಚಿ ಹಚ್ಚಿದವನು. ಅವನ ಸಮಾಧಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕವಿಗಳ ಮೂಲೆಯಲ್ಲಿದೆ. ಫ್ರೆಂಚರು ಹೆಸರಿಡುವುದರಲ್ಲಿ ಜಾಣರು.

ಕಾಲುದಾರಿಯಲ್ಲಿ ನಡೆಯುತ್ತಾ ಹೋದಾಗ, ಬೇರೊಬ್ಬರ ತೋಟದ ಅಂಚಿನಲ್ಲಿ ಕೊಯ್ಲಿನವರು ಚಹಾ ಕುಡಿಯುತ್ತಾ ಕುಳಿತಿದ್ದರು. ಅವರಲ್ಲೊಬ್ಬ ಹುಡುಗಿ ಕಿರ್ಗಿಸ್ತಾನದ ಓಷ್ ಊರಿನವಳು, ಆರು ತಿಂಗಳ ಹಂಗಾಮಿ ವೀಸಾದ ಮೇಲೆ ಬಂದವಳು. ಬೇಸಿಗೆಯಲ್ಲಿ ಸ್ಟ್ರಾಬೆರಿ, ಈಗ ದ್ರಾಕ್ಷಿ. ಕೈಯಲ್ಲಿ ಪುಟ್ಟ ಕತ್ತರಿ, ಬೆರಳುಗಳ ಸಂದಿನಲ್ಲಿ ಅಂಟು, ಎಡಗೈಯ ಹೆಬ್ಬೆರಳಿಗೆ ಪ್ಲಾಸ್ಟರ್. ಮಳೆಯಲ್ಲಿ ಗೊಂಚಲು ಜಾರುತ್ತದೆ, ಕತ್ತರಿ ಬೆರಳಿಗೆ ಬರುತ್ತದೆ ಎಂದು ನಟಿಸಿ ತೋರಿಸಿದಳು. ತಂಗಿ ತಕ್ಷಣ ಚೀಲದಿಂದ ಹೊಸ ಪ್ಲಾಸ್ಟರ್ ತೆಗೆದು ಬದಲಾಯಿಸಿದಳು. ಹುಡುಗಿ ಒಂದು ಪುಟ್ಟ ಗೊಂಚಲು ನನ್ನ ಕೈಗಿಟ್ಟಳು. ಕಾಳು ಬಟಾಣಿಗಿಂತ ಸ್ವಲ್ಪ ದೊಡ್ಡದು, ಸಿಪ್ಪೆ ದಪ್ಪ, ಬೀಜ ಹೆಚ್ಚು. ಮೊದಲು ಸಿಹಿ, ಬೆನ್ನಿಗೇ ಹುಳಿ. ‘ನಮ್ಮೂರಿನ ದ್ರಾಕ್ಷಿ ಸಕ್ಕರೆ’ ಎಂದಳು ತುಂಡು ತುಂಡು ಇಂಗ್ಲಿಷಿನಲ್ಲಿ. ‘ಇದನ್ನು ಯಾರು ತಿನ್ನುತ್ತಾರೆ?’ ಯಾರೂ ತಿನ್ನುವುದಿಲ್ಲ, ಕುಡಿಯುತ್ತಾರೆ, ಒಂದು ಬಾಟಲಿಗೆ ಐವತ್ತು ಪೌಂಡ್ ಕೊಡುವವರಿದ್ದಾರೆ ಎಂದೆ. ಅವಳು ಗೆಳತಿಯರಿಗೆ ತಮ್ಮ ಭಾಷೆಯಲ್ಲಿ ಅದನ್ನು ಹೇಳಿದಳು. ಎಲ್ಲರೂ ಒಟ್ಟಿಗೆ ನಕ್ಕರು, ನನ್ನನ್ನು ನೋಡಿಯೋ ಬಾಟಲಿಯನ್ನು ನೆನೆದೋ ತಿಳಿಯಲಿಲ್ಲ. ಮೇಸ್ತ್ರಿ ಸೀಟಿ ಊದಿದ. ಬುಡಗಳ ನಡುವೆ ಮತ್ತೆ ಬೆನ್ನು ಬಾಗಿದವು. ಇಡೀ ಗೊಂಚಲನ್ನು ಹಾಗೇ ಹಿಂಡಬೇಕಾದ್ದರಿಂದ ಒಳ್ಳೆಯ ನೊರೆ ವೈನಿಗೆ ಕೈಯ ಕೊಯ್ಲೇ ಆಗಬೇಕು.

ಕ್ಯಾಂಟರ್‌ಬರಿಯಲ್ಲಿ ದೊಮೇನ್ ಎವ್ರೆಮಾಂಡ್‌ನ ಆ ಹೊಸ ಬಾಟಲಿ ‘ಕ್ಲಾಸಿಕ್ ಕುವೇ ಎಡಿಷನ್ 1’ ಕೊಂಡೆವು. ಐವತ್ತು ಪೌಂಡ್ ಆಸುಪಾಸು, ನಮ್ಮ ಲೆಕ್ಕದಲ್ಲಿ ಸುಮಾರು ಆರು ಸಾವಿರ ರೂಪಾಯಿ. ಮೂರೂ ತಳಿಗಳ ಬೆರಕೆ. ಅಂಗಡಿಯವರು ‘ತಿಂಡಿಗೆ ಏನು?’ ಎಂದರು. ಚಿಪ್ಸ್ ಎಂದೆ, ಮುಖ ಸಿಂಡರಿಸುತ್ತಾರೆ ಎಂದುಕೊಂಡು. ‘ಅದಕ್ಕಿಂತ ಒಳ್ಳೆಯದಿಲ್ಲ. ಎಣ್ಣೆ, ಉಪ್ಪು ಎರಡನ್ನೂ ಇದರ ಹುಳಿ ಕತ್ತರಿಸುತ್ತದೆ. ವಿನೆಗರ್ ಮಾತ್ರ ಬೇಡ’ ಎಂದರು. ತುಂಬಾ ತಣ್ಣಗೆ ಮಾಡಬೇಡಿ, ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ, ಉದ್ದನೆಯ ಸಪೂರ ಗ್ಲಾಸಿಗಿಂತ ಸಾದಾ ವೈನ್ ಗ್ಲಾಸೇ ವಾಸಿ ಎಂದೂ ಹೇಳಿಕೊಟ್ಟರು.

ನಾವು ಇಳಿದುಕೊಂಡಿದ್ದ ಮನೆಯ ಒಡತಿ ಹಿತ್ತಿಲಿನಲ್ಲಿ ಮೇಜು ಹಾಕಿ ಕೊಟ್ಟರು, ಅವರನ್ನೂ ಕೂರಿಸಿಕೊಂಡೆವು. ಕಾರಿನ ಕೀಲಿಕೈ ಚೀಲ ಸೇರಿತ್ತು, ಹಾಗಾಗಿ ತಂಗಿಗೂ ಗ್ಲಾಸು. ಹೊಂಬಣ್ಣ, ಸಾಸಿವೆಗಿಂತ ಸಣ್ಣ ಗುಳ್ಳೆಗಳ ಎಳೆ. ಮೂಗಿಗೆ ಹಸಿರು ಸೇಬು, ನಿಂಬೆಯ ಸಿಪ್ಪೆ, ಹಿಂದೆ ಎಲ್ಲೋ ಬಿಸ್ಕತ್ತು. ಬಾಯಲ್ಲಿ ಕೊಟ್ಟಿಗೆಯ ಟ್ಯಾಂಕಿನದೇ ಹುಳಿ, ಆದರೆ ಅಂಚುಗಳನ್ನು ಉಜ್ಜಿ ನಯ ಮಾಡಿದ ಹುಳಿ. ನಾಲಗೆಯ ಬದಿಗಳಲ್ಲಿ ನೀರೂರಿ ಇನ್ನೊಂದು ಚಿಪ್ಸಿಗೆ ಕೈ ಹೋಗುತ್ತದೆ. ನನಗೆ ಹಿಡಿಸಿತು. ಮೊದಲ ಸುಗ್ಗಿಗಳ ಎಳೆಯ ಬಳ್ಳಿಯ ವೈನ್, ಇನ್ನೂ ಕೆಲವು ವರ್ಷ ಮಲಗಿದ್ದರೆ ಚೆನ್ನಿತ್ತು ಎಂದು ಮಾತ್ರ ಅನಿಸಿತು. ಒಡತಿ ಒಪ್ಪಲಿಲ್ಲ, ‘ನನಗೆ ಎಪ್ಪತ್ತೆಂಟು, ಕಾಯುವ ವೈನು ಬೇಡ’ ಎಂದು ಗ್ಲಾಸು ಮುಂದೆ ಮಾಡಿದರು. ತಂಗಿ ಚಿಪ್ಸ್ ಬಿಟ್ಟು ಉಳಿದಿದ್ದ ಕೋಡುಬಳೆಯ ಪೊಟ್ಟಣ ಬಿಚ್ಚಿದಳು. ಖಾರಕ್ಕೆ ಗುಳ್ಳೆ ತಾಗಿ ಮೂಗು ಚುರುಗುಟ್ಟಿತು. ‘ನಮ್ಮ ಸಣ್ಣ ತೋಟದವರದೇ ಮೇಲು’ ಎಂದು ತೀರ್ಪು ಕೊಟ್ಟು, ಅವರಿಂದ ಕೊಂಡಿದ್ದ ಎರಡು ಬಾಟಲಿಗಳನ್ನು ಇಲ್ಲಿಯೇ ತೆರೆಯುವುದು ಬೇಡ, ನನ್ನ ಪೆಟ್ಟಿಗೆಗೆ ಹಾಕಬೇಕು ಎಂದಳು. ಭಾರತಕ್ಕೆ ಒಬ್ಬರು ಎರಡು ಲೀಟರು ಸುಂಕವಿಲ್ಲದೆ ತರಬಹುದು, ಎರಡು ಬಾಟಲಿ ಎಂದರೆ ಒಂದೂವರೆ ಲೀಟರು. ಆಗ ಕೈಚೀಲದಲ್ಲಿ ಬಿಡುತ್ತಿರಲಿಲ್ಲ, ದೊಡ್ಡ ಪೆಟ್ಟಿಗೆಯಲ್ಲೇ ಹೋಗಬೇಕಿತ್ತು. ಒಡತಿ ಹಳೆಯ ಟವೆಲ್ಲುಗಳನ್ನು ತಂದುಕೊಟ್ಟರು, ನಾನು ತೂಕ ಹೆಚ್ಚಾಗುತ್ತದೆಂದು ಎರಡು ಸ್ವೆಟರುಗಳನ್ನು ತಂಗಿಯ ಮನೆಗೇ ಕಳುಹಿಸಿದೆ.